ಗುರುವಿಗೆ ಸರಾಸರಿ ಅಂಕ

ವಿಶ್ವವಿದ್ಯಾಲಯಗಳಲ್ಲಿ ಉತ್ತಮ ಬೋಧಕರನ್ನು ಗುರುತಿಸುವಾಗ ವಿದ್ಯಾರ್ಥಿಗಳ ಮಾತನ್ನು ಕೇಳಬೇಕೆಂಬ ವಾದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ‘ನಿನ್ನೆ ಬಂದ ಹುಡುಗರು ನಮ್ಮನ್ನು ಪರೀಕ್ಷಿಸುವುದೇ?’ ಎಂದು ಮುನಿಯುವ ಪ್ರಾಧ್ಯಾಪಕರ ಬಗ್ಗೆ ನನಗೆ ಕಿಂಚಿತ್ತೂ ಮರುಕವಿಲ್ಲ. 2010ರ ಯು.ಜಿ.ಸಿ. ನಿಯಮಾವಳಿಯ ಎ.ಪಿ.ಐ. ಅಂಕಗಳ ಬೆನ್ನುಹತ್ತಿ ಪ್ರಬಂಧಗಳನ್ನು ರಾಶಿ ಹಾಕಿದ ಕಾಲದಲ್ಲಿ, ತರಗತಿಯಲ್ಲಿ ನಿಂತು ಪಾಠ ಹೇಳುವ ವಿದ್ಯೆ ಅನಾಥವಾಯಿತು. ಅದಕ್ಕೆ ಮನ್ನಣೆ ದೊರಕಲೇಬೇಕು. ಆದರೆ ವಿದ್ಯಾರ್ಥಿಯ ಮಾತನ್ನು ಕೇಳುವುದು ಒಂದು, ಅವನಿಂದ ಅಂಕ ವಸೂಲು ಮಾಡುವುದು ಇನ್ನೊಂದು. ಈಗ ನಡೆಯುತ್ತಿರುವುದು ಎರಡನೆಯದು.

1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರನ್ನು ಬಿಟ್ಟು ಕಲಕತ್ತೆಗೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ವಿದ್ಯಾರ್ಥಿಗಳೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದರು. ಆ ಹುಡುಗರಿಗೆ ಯಾರೂ ನಮೂನೆ ಹಂಚಿರಲಿಲ್ಲ. ಆದರೆ ಸಾರೋಟಿನ ಭಾಗ್ಯವಿಲ್ಲದ ಒಳ್ಳೆಯ ಮೇಷ್ಟ್ರುಗಳೂ ಆ ಕಾಲದಲ್ಲಿ ಇದ್ದಿರಲೇಬೇಕು. ಆದ್ದರಿಂದ ಒಂದು ವ್ಯವಸ್ಥೆ ಬೇಕೆಂಬುದನ್ನು ಅಲ್ಲಗಳೆಯಲಾರೆ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆಯು 2017ರ ಪರಿಷ್ಕೃತ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಪ್ರಶ್ನೆಗಳು 21. ಅವುಗಳಲ್ಲಿ 20ಕ್ಕೆ ಸೊನ್ನೆಯಿಂದ ನಾಲ್ಕರವರೆಗಿನ ಅಂಕ. ಕೊನೆಯ ಒಂದಕ್ಕೆ ಮಾತ್ರ ಸ್ವಂತ ಮಾತಿನ ಉತ್ತರ. ‘ತೃಪ್ತಿ’ ಎಂಬ ಪದವನ್ನು ಗಮನಿಸಬೇಕು. ಅದು ಹೋಟೆಲಿನ ಗಿರಾಕಿಗೆ ಒಪ್ಪುವ ಪದ. ದಿಲ್ಲಿಯ ಒಂದು ಕಾಲೇಜಿನಲ್ಲಿ ಓದುವ ನನ್ನ ಮಗಳು ಇಂಥದೇ ನಮೂನೆಯೊಂದನ್ನು ಮೊಬೈಲಿನಲ್ಲಿ ತುಂಬಿದ್ದನ್ನು ಕಂಡಿದ್ದೇನೆ. ಅದನ್ನು ತುಂಬದೆ ಪರೀಕ್ಷೆಯ ಪ್ರವೇಶಪತ್ರ ಸಿಗುವುದಿಲ್ಲ. ಐವರು ಅಧ್ಯಾಪಕರ ಭವಿಷ್ಯ ಎರಡು ನಿಮಿಷದಲ್ಲಿ ತೀರ್ಮಾನವಾಯಿತು, ಎಲ್ಲರಿಗೂ ನಾಲ್ಕು.

ಅವಸರವಿಲ್ಲದೆ ತುಂಬಿದರೂ ಫಲ ಏನು? ಅಮೆರಿಕದ ವಾಯುಸೇನಾ ಅಕಾಡೆಮಿಯ ವಿದ್ಯಾರ್ಥಿಗಳನ್ನು ಕುರಿತು ಕ್ಯಾರೆಲ್ ಮತ್ತು ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದು. ಅಲ್ಲಿ ಯಾವ ವಿದ್ಯಾರ್ಥಿ ಯಾರ ತರಗತಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ; ಪರೀಕ್ಷೆ ಎಲ್ಲರಿಗೂ ಒಂದೇ. ಕಲನಶಾಸ್ತ್ರದ ಮೊದಲ ಪಾಠಕ್ರಮದಲ್ಲಿ, ಅನುಭವ ಕಡಿಮೆಯಿದ್ದ ಬೋಧಕರ ವಿದ್ಯಾರ್ಥಿಗಳು ಆಗಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಬೋಧಕರಿಗೂ ಒಳ್ಳೆಯ ಅಂಕ ಕೊಟ್ಟರು. ಆದರೆ ಮುಂದಿನ ಹಂತದ ಗಣಿತದಲ್ಲಿ ಹಿಂದೆ ಬಿದ್ದರು. ಆಳವಾಗಿ ಉತ್ತು ಬಿತ್ತಿದ ಹಿರಿಯರಿಗೆ ಆಗ ದೊರೆತದ್ದು ಕಡಿಮೆ ಅಂಕ. ಅವರ ಫಸಲು ಬಂದದ್ದು ಆಮೇಲೆ. ಕೆನಡಾದ ರೈಯರ್ಸನ್ ವಿಶ್ವವಿದ್ಯಾಲಯದ ವಿವಾದದಲ್ಲಿ 2018ರಲ್ಲಿ ಮಧ್ಯಸ್ಥಿಕೆದಾರರು, ಬಡ್ತಿಗಾಗಿ ಬೋಧನೆಯ ಗುಣವನ್ನು ಅಳೆಯಲು ಇಂಥ ಅಂಕಗಳನ್ನು ಬಳಸಕೂಡದೆಂದೇ ಆದೇಶಿಸಿದರು.

ಕೇಂದ್ರ ಸರಕಾರದ ಸೇವೆಯಲ್ಲಿರುವ ನನಗೆ ಅಂಕಗಳ ಮಹಿಮೆ ಹೊಸದಲ್ಲ. ನಮ್ಮ ವಾರ್ಷಿಕ ವರದಿಗಳಲ್ಲಿ ಹತ್ತಕ್ಕೆ ಇಷ್ಟೆಂದು ಬರೆಯುತ್ತಾರೆ. ಒಂಬತ್ತಕ್ಕಿಂತ ಕಡಿಮೆ ಬಂದವನನ್ನು ಸಹೋದ್ಯೋಗಿಗಳು ಕನಿಕರದಿಂದ ನೋಡುತ್ತಾರೆ! ಆದರೂ ನಮಗೊಂದು ರಕ್ಷಣೆಯಿದೆ. 2008ರ ದೇವದತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪಿತ್ತಿತು. ಅಧ್ಯಾಪಕನಿಗೆ ವಿದ್ಯಾರ್ಥಿ ಬರೆದ ವಾಕ್ಯವನ್ನು ತೋರಿಸದೆ 3.2 ಎಂಬ ಸಂಖ್ಯೆಯನ್ನಷ್ಟೇ ಕೈಗಿತ್ತರೆ, ಆತ ತಿದ್ದಿಕೊಳ್ಳಬೇಕಾದದ್ದು ಏನನ್ನು?

ಹೊರನಾಡಿನ ನಮಗೆ ಇದು ದೂರದ ವಿಷಯವೆಂದು ಯಾರೂ ಭಾವಿಸಬಾರದು. ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳಿವೆ. ಇಂಥ ವಿಭಾಗಕ್ಕೆ ಒಂದು ವರ್ಷ ಐದಾರು ಮಂದಿ ಸೇರಿದರೆ, ಒಬ್ಬನ ಮುನಿಸಿನಿಂದಲೇ ಸರಾಸರಿ ಕುಸಿಯುತ್ತದೆ. ಬರೆದವರು ಯಾರೆಂಬ ಗುಟ್ಟೂ ಉಳಿಯುವುದಿಲ್ಲ. ನೂರು ಮಂದಿಯ ವಾಣಿಜ್ಯ ತರಗತಿಯ ಪಕ್ಕದಲ್ಲಿ ಆ ಅಂಕವನ್ನಿಟ್ಟು ತೂಗುವುದು ಅನ್ಯಾಯ.

ನನ್ನ ಬೇಡಿಕೆ ಸರಳವಾದದ್ದು. ಅಂಕಗಳನ್ನು ಬಡ್ತಿ, ಪ್ರಶಸ್ತಿಗಳಿಂದ ದೂರವಿಡಲಿ. ಓದು ಮುಗಿಸಿ ಐದು ವರ್ಷವಾದವರನ್ನು ಕೇಳಲಿ: ಯಾರ ಪಾಠ ಇನ್ನೂ ಉಪಯೋಗಕ್ಕೆ ಬರುತ್ತಿದೆ, ಯಾವ ಪಾಠ, ಹೇಗೆ? ಹೆಸರು ಹಾಕಿ ಬರೆದ ಅರ್ಧ ಪುಟ ಸಾಕು. ಅದರೊಡನೆ ಬೇರೆ ವಿಭಾಗದ ಹಿರಿಯರೊಬ್ಬರು ತರಗತಿಯಲ್ಲಿ ಕುಳಿತು ಕೇಳಲಿ. ನಮ್ಮ ಸಂಘವೂ ಪ್ರತಿವರ್ಷ ಅಂಕಪಟ್ಟಿ ನೋಡಿ ಮಕ್ಕಳಿಗೆ ಶಾಲು ಹೊದಿಸುವುದರ ಜೊತೆಗೆ, ಈ ಊರಿನ ಕಾಲೇಜುಗಳಲ್ಲಿ ಓದಿದ ಕನ್ನಡಿಗರಿಂದ ಇಂಥ ಪತ್ರಗಳನ್ನು ತರಿಸಿ ಈ ಪುಟಗಳಲ್ಲಿ ಅಚ್ಚು ಹಾಕಲಿ. ಮೊದಲ ಪತ್ರವನ್ನು ಸಂಪಾದಕರಿಗೆ ಈ ಲೇಖನದೊಂದಿಗೇ ಕಳುಹಿಸಿದ್ದೇನೆ.