ಶೋಕವೂ ಬಾಡಿಗೆಯೂ

ಅಮೆರಿಕದ ನೆವಾಡ ಸಂಸ್ಥಾನದ ಮರುಭೂಮಿಯಲ್ಲಿ ಎಂಪೈರ್ ಎಂಬ ಒಂದು ಊರಿತ್ತು. ಊರೆಂದು ಹೇಳುವುದು ರೂಢಿಯೇ ಹೊರತು ವಾಸ್ತವವಾಗಿ ಅದು ಒಂದು ಕಂಪೆನಿಯ ಸೊತ್ತು. ಗೋಡೆಗಳಿಗೆ ಹೊದಿಸುವ ಜಿಪ್ಸಂ ಹಲಗೆಗಳನ್ನು ತಯಾರಿಸುವ ಕಾರ್ಖಾನೆ ನಡುವೆ. ಅದರ ಸುತ್ತ ಕೆಲಸಗಾರರಿಗಾಗಿ ಕಂಪೆನಿಯೇ ಕಟ್ಟಿಸಿದ ಮನೆಗಳು. 2008ರಲ್ಲಿ ಆ ದೇಶದ ಬ್ಯಾಂಕುಗಳು ಕುಸಿದು, ಹೊಸ ಮನೆ ಕಟ್ಟಿಸುವವರೇ ವಿರಳವಾದ ಮೇಲೆ ಗೋಡೆಯ ಹಲಗೆಯನ್ನು ಕೊಳ್ಳುವವರಾದರೂ ಯಾರು? 88 ವರ್ಷ ನಡೆದ ಕಾರ್ಖಾನೆಯನ್ನು 2011ನೆಯ ಇಸವಿ ಜನವರಿ 31ರಂದು ಮುಚ್ಚಿದರು. ಕೆಲಸದೊಡನೆ ಮನೆಯೂ ಹೋಯಿತು. ಅದೇ ವರ್ಷದ ಜುಲೈ ವೇಳೆಗೆ ಅಂಚೆಯ ಇಲಾಖೆಯವರು ಊರಿನ ಸಂಖ್ಯೆಯನ್ನೇ ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಪರರ ಮನೆಗಳಿಗೆ ಗೋಡೆ ಮಾಡಿಕೊಟ್ಟವರಿಗೆ ಕಾಗದ ಬರೆಯಲು ವಿಳಾಸವೂ ಉಳಿಯಲಿಲ್ಲ.

ಈ ಊರಿನ ಅಳಿವಿನಿಂದ ಆರಂಭವಾಗುವ ಚಲಚ್ಚಿತ್ರವೊಂದುಂಟು. ಅದರ ಹೆಸರು ‘ನೊಮ್ಯಾಡ್‌ಲ್ಯಾಂಡ್’, ಎಂದರೆ ಅಲೆಮಾರಿಗಳ ನಾಡು. ಚೀನಾ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲೆಯನ್ನು ಸಾಧಿಸಿದ ಕ್ಲೋಯಿ ಝಾವೊ ಎಂಬ ನಿರ್ದೇಶಕಿ ಸಣ್ಣ ತಂಡವೊಂದನ್ನು ಕಟ್ಟಿಕೊಂಡು, ಆ ನಾಡಿನ ದೊಡ್ಡ ಚಿತ್ರಗಳ ಮುಂದೆ ಅತ್ಯಲ್ಪವೆನ್ನಬಹುದಾದ ವೆಚ್ಚದಲ್ಲಿ ಇದನ್ನು ತೆಗೆದರು. 2020ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಸುವರ್ಣ ಸಿಂಹ ದೊರೆಯಿತು. 2021ರ ಏಪ್ರಿಲಿನಲ್ಲಿ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ, ಶ್ರೇಷ್ಠ ನಟಿ ಎಂಬ ಮೂರು ಆಸ್ಕರ್ ಬಹುಮಾನಗಳು ಬಂದುವು. ಫ್ರಾನ್ಸಿಸ್ ಮೆಕ್‌ಡೋರ್ಮಂಡ್ ನಟಿಸಿರುವ ಫರ್ನ್ ಎಂಬಾಕೆ ಅರುವತ್ತರ ಆಸುಪಾಸಿನ ವಿಧವೆ, ಎಂಪೈರಿನವಳು. ಗಂಡ ಬೋ ಎಂಬವನು ಕಾಯಿಲೆಯಿಂದ ತೀರಿಹೋಗಿದ್ದಾನೆ, ಮಕ್ಕಳಿಲ್ಲ, ಊರೂ ಹೋಯಿತು. ಹಳೆಯ ವ್ಯಾನೊಂದರಲ್ಲಿ ಹಾಸಿಗೆ, ಒಲೆ, ತಂದೆ ಕೊಟ್ಟ ಕೆಲವು ತಟ್ಟೆಗಳನ್ನು ತುಂಬಿಕೊಂಡು ಆಕೆ ಕೂಲಿಯಿಂದ ಕೂಲಿಗೆ ಹೋಗುತ್ತಾಳೆ: ಚಳಿಗಾಲದಲ್ಲಿ ಅಮೆಜಾನ್ ಕಂಪೆನಿಯ ಉಗ್ರಾಣದಲ್ಲಿ ಗಂಟು ಕಟ್ಟುವುದು, ಬೇಸಗೆಯಲ್ಲಿ ಪ್ರವಾಸಿಗಳ ಬಿಡಾರಗಳಲ್ಲಿ ಪಾಯಿಖಾನೆ ತೊಳೆಯುವುದು, ಮತ್ತೊಮ್ಮೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಗಳ ರಾಶಿಯ ಬಳಿ ದುಡಿಯುವುದು.

ಚಿತ್ರವನ್ನು ಮೆಚ್ಚಿದವರು ಹಲವರು. ಮೆಚ್ಚತಕ್ಕದ್ದೂ ಅದರಲ್ಲಿ ಬಹಳವಿದೆ. ಆದರೆ ಮೆಚ್ಚಿದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತುಂಟು: ಇದು ಬಡತನದ ಕಥೆಯಲ್ಲ, ಶೋಕದ ಕಥೆ, ಮನೆಯಿಲ್ಲದಿರುವುದು ಇಲ್ಲಿ ಅಂತರಂಗದ ಒಂದು ಅವಸ್ಥೆ, ಆಕೆ ನೆಲೆಯನ್ನು ಕಳೆದುಕೊಂಡವಳಲ್ಲ, ಸ್ವಾತಂತ್ರ್ಯವನ್ನು ಕಂಡುಕೊಂಡವಳು. ಈ ಮಾತು ಕಿವಿಗೆ ಇಂಪಾಗಿದೆ. ಆದರೆ ಅದು ನಿಜವಲ್ಲ; ಮತ್ತು ಹಾಗೆ ಹೇಳುವವರ ತಪ್ಪಿಗೆ ಚಿತ್ರವೇ ಅರ್ಧ ಹೊಣೆ.

ಏಕೆಂದರೆ ಫರ್ನ್ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವಾಗ ಹೇಳುವುದು ಬೇರೆಯೇ. ಗಂಡ ಸತ್ತ ಮೇಲೂ ಆಕೆ ಎಂಪೈರನ್ನು ಬಿಡಲಿಲ್ಲ. ಬೋಗೆ ತಂದೆತಾಯಿಗಳ ಪರಿಚಯವಿರಲಿಲ್ಲ, ಸಂತಾನವಿರಲಿಲ್ಲ. ತಾನೂ ಅಲ್ಲಿಂದ ಹೊರಟುಬಿಟ್ಟರೆ ಅವನು ಹುಟ್ಟಿಯೇ ಇರಲಿಲ್ಲವೆಂಬಂತೆ ಆಗುವುದೆಂದು ಆಕೆಗೆ ಅನ್ನಿಸಿತು. ಆದುದರಿಂದ ಆ ಮನೆಯಲ್ಲಿಯೇ, ಹಿತ್ತಿಲ ಬಾಗಿಲನ್ನು ತೆರೆದರೆ ಬಯಲೂ ಬೆಟ್ಟಗಳೂ ಮಾತ್ರ ಕಾಣುವ ಆ ಮನೆಯಲ್ಲಿಯೇ ಉಳಿದಳು. ಶೋಕವು ಆಕೆಯನ್ನು ಮನೆಯಿಂದ ಹೊರಡಿಸಲಿಲ್ಲ, ಮನೆಯಲ್ಲಿ ನಿಲ್ಲಿಸಿತು. ಹೊರಡಿಸಿದ್ದು ಕಾರ್ಖಾನೆಯ ಲೆಕ್ಕದ ಪುಸ್ತಕ. ಸತ್ತವರನ್ನು ನೆನೆಯುವುದಕ್ಕೂ ಒಂದು ಗೋಡೆ ಬೇಕು, ಒಂದು ಮೂಲೆ ಬೇಕು, ಅವರು ಕುಳಿತ ಜಾಗವಿದೆಂದು ತೋರಿಸಲು ಒಂದು ಜಾಗ ಬೇಕು. ಆ ಜಾಗವನ್ನೇ ಕಸಿದುಕೊಂಡವರು ಯಾರೆಂಬುದನ್ನು ಚಿತ್ರ ಮೊದಲನೆಯ ನಿಮಿಷದಲ್ಲಿ ಎರಡು ಸಾಲಿನ ಬರಹದಿಂದ ತಿಳಿಸಿ, ಮುಂದಿನ ಎರಡು ಗಂಟೆಗಳಲ್ಲಿ ಬಹುಮಟ್ಟಿಗೆ ಮರೆತುಬಿಡುತ್ತದೆ. ಆಮೇಲೆ ಉಳಿಯುವುದು ಸಂಜೆಯ ಕೆಂಪು ಆಕಾಶ, ಪಿಯಾನೋವಿನ ನಾದ, ಒಂಟಿ ಹೆಂಗಸು. ಪ್ರೇಕ್ಷಕನು ಆಕೆಗೆ ಮನೆಯೇಕಿಲ್ಲ ಎಂದು ಕೇಳುವ ಮೊದಲೇ ಆಕೆಯ ಕಣ್ಣೀರು ಉತ್ತರವನ್ನು ಕೊಟ್ಟುಬಿಡುತ್ತದೆ.

ಇದು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಚಿತ್ರಕ್ಕೆ ಮೂಲವಾದದ್ದು ಜೆಸಿಕಾ ಬ್ರೂಡರ್ ಎಂಬ ಪತ್ರಿಕಾಲೇಖಕಿ 2017ರಲ್ಲಿ ಪ್ರಕಟಿಸಿದ ಗ್ರಂಥ. ಅದು ಕಾದಂಬರಿಯಲ್ಲ, ವಾಹನಗಳಲ್ಲಿ ಬಾಳುವ ವೃದ್ಧ ಕೂಲಿಗಾರರ ಸಂಗಡ ತಾನೂ ತಿರುಗಿ ಕಂಡು ಬರೆದ ವೃತ್ತಾಂತ. ಅದರಲ್ಲಿ ಫರ್ನ್ ಎಂಬುವಳಿಲ್ಲ. ಅಲ್ಲಿನ ಮುಖ್ಯ ವ್ಯಕ್ತಿ ಲಿಂಡಾ ಮೇ ಎಂಬ ಅಜ್ಜಿ. ಚಿತ್ರದಲ್ಲಿ ಆಕೆಯೂ, ಸ್ವಾಂಕಿ ಎಂಬಾಕೆಯೂ, ಈ ಅಲೆಮಾರಿಗಳಿಗೆ ಹಿರಿಯಣ್ಣನಂತಿರುವ ಬಾಬ್ ವೆಲ್ಸ್ ಎಂಬಾತನೂ ತಮ್ಮ ತಮ್ಮ ಹೆಸರಿನಲ್ಲಿಯೇ ಬರುತ್ತಾರೆ. ಅವರ ನಡುವೆ ಫರ್ನಳನ್ನು ಕಲ್ಪಿಸಿ ಸೇರಿಸಿದ್ದು ಚಿತ್ರಕಾರರು. ಕಲ್ಪಿಸಿದುದೇ ದೋಷವೆಂದು ಯಾರೂ ಹೇಳುವುದಿಲ್ಲ. ಆದರೆ ಕಲ್ಪಿಸಿದವರು ಆಕೆಗೆ ಏನನ್ನು ಕೊಟ್ಟರು? ಎರಡು ಮನೆಗಳನ್ನು ಕೊಟ್ಟರು. ತಂಗಿ ಡಾಲಿ ತನ್ನ ಮನೆಯಲ್ಲಿಯೇ ಇರೆಂದು ಬೇಡಿಕೊಳ್ಳುತ್ತಾಳೆ. ಡೇವ್ ಎಂಬ ಸ್ನೇಹಿತನು ತನ್ನ ಮಗನ ವಿಶಾಲವಾದ ಮನೆಯಲ್ಲಿ, ಮೊಮ್ಮಗುವಿನ ಸನ್ನಿಧಿಯಲ್ಲಿ ಉಳಿಯೆಂದು ಕರೆಯುತ್ತಾನೆ. ಆಕೆ ಎರಡನ್ನೂ ಒಲ್ಲೆನೆಂದು ನಸುಕಿನಲ್ಲಿ ಎದ್ದು ಹೋಗುತ್ತಾಳೆ. ಅಲ್ಲಿಗೆ ವ್ಯವಹಾರ ಮುಗಿಯಿತು! ಮನೆಯಿಲ್ಲದವಳು ಮನೆಯೊಲ್ಲದವಳಾದಳು. ಇನ್ನು ಕಾರ್ಖಾನೆಯನ್ನಾಗಲಿ, ಬ್ಯಾಂಕನ್ನಾಗಲಿ, ಸರ್ಕಾರವನ್ನಾಗಲಿ ಪ್ರಶ್ನಿಸುವುದಕ್ಕೆ ಎಡೆಯೆಲ್ಲಿ?

ಭಾರತೀಯ ವಾಚಕರು ಈ ಬಲೆಗೆ ಬೀಳುವುದು ಇನ್ನೂ ಸುಲಭ. ಪರಿವ್ರಾಜಕನೆಂಬ ಶಬ್ದದಲ್ಲಿಯೇ ಇಲ್ಲಿಯವರಿಗೆ ಒಂದು ಪೂಜ್ಯಭಾವವುಂಟು. ಅನಿಕೇತನನಾಗಿರುವುದು ದೊಡ್ಡ ಗುಣವೆಂದು ಕೇಳಿ ಬೆಳೆದವರು ಇವರು. ಆದರೆ ಗೌತಮನು ಬಿಟ್ಟುಹೋದದ್ದು ಅರಮನೆಯನ್ನು. ಇದ್ದವನು ಬಿಟ್ಟರೆ ವೈರಾಗ್ಯ. ಬಿಡಿಸಿಕೊಂಡವನ ಪಾಡಿಗೆ ಆ ಹೆಸರನ್ನಿಡುವುದು ಬಿಡಿಸಿದವನಿಗೆ ಮಾಡುವ ಉಪಕಾರ. ವ್ಯಾನಿನೊಳಗೆ ಬಕೆಟ್ಟಿನ ಮೇಲೆ ಶೌಚಕ್ಕೆ ಕೂರುವ ಅರುವತ್ತರ ಹೆಂಗಸನ್ನು ವಿರಕ್ತೆಯೆಂದು ಕರೆಯಲು, ಕರೆಯುವವನ ಮನೆಯಲ್ಲಿ ಒಳ್ಳೆಯ ನೀರಿನ ಸೌಕರ್ಯವಿರಬೇಕು.

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರುಂಟು. ಕಲೆಯೆಂದರೆ ಆಯೋಗದ ವರದಿಯಲ್ಲ. ಕಾರಣಗಳನ್ನು ಹುಡುಕುವುದು ಅರ್ಥಶಾಸ್ತ್ರಜ್ಞರ ಕೆಲಸ, ಹೃದಯವನ್ನು ತೋರಿಸುವುದು ಕಲಾವಿದನ ಕೆಲಸ ಎನ್ನುತ್ತಾರೆ. ಹೃದಯವನ್ನು ತೋರಿಸಬೇಕಾದರೆ ಹಣವನ್ನು ಮರೆಸಲೇಬೇಕೆಂಬ ನಿಯಮ ಎಲ್ಲಿಯದು? ಅದೇ ಅಮೆರಿಕದಲ್ಲಿ, 2008ರಲ್ಲಿ, ಕೆಲಿ ರೈಕಾರ್ಟ್ ಎಂಬ ನಿರ್ದೇಶಕಿ ‘ವೆಂಡಿ ಅಂಡ್ ಲೂಸಿ’ ಎಂಬ ಇನ್ನೂ ಚಿಕ್ಕ ಚಿತ್ರವನ್ನು ತೆಗೆದಿದ್ದಾರೆ. ವೆಂಡಿ ಎಂಬ ಹುಡುಗಿ ಕೆಲಸವನ್ನರಸಿ ಅಲಾಸ್ಕಕ್ಕೆ ಹೊರಟವಳು. ಸಂಗಡ ಲೂಸಿ ಎಂಬ ನಾಯಿ. ಓರೆಗಾನ್ ಸಂಸ್ಥಾನದ ಒಂದು ಊರಿನಲ್ಲಿ ಕಾರು ಕೆಟ್ಟು ನಿಲ್ಲುತ್ತದೆ. ಆಕೆ ಪ್ರತಿಯೊಂದು ಡಾಲರನ್ನೂ ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ನಾಯಿಯ ಆಹಾರವನ್ನು ಅಂಗಡಿಯಿಂದ ಕದ್ದು ಸಿಕ್ಕಿಬಿದ್ದು, ಪೊಲೀಸರ ವಶವಾಗಿ, ದಂಡ ತೆತ್ತು ಹಿಂತಿರುಗುವಷ್ಟರಲ್ಲಿ ಹೊರಗೆ ಕಟ್ಟಿದ್ದ ನಾಯಿ ಕಾಣೆಯಾಗಿದೆ. ಅಕ್ಕನ ಮನೆಗೆ ಟೆಲಿಫೋನು ಮಾಡಿದರೆ, ಕೇಳುವ ಮೊದಲೇ ಹಣವಿಲ್ಲವೆಂಬ ಧ್ವನಿ. ಒಬ್ಬ ಮುದಿ ಕಾವಲುಗಾರ ಯಾರೂ ನೋಡದಂತೆ ಆಕೆಯ ಕೈಯೊಳಗೆ ಕೆಲವೇ ಡಾಲರುಗಳನ್ನಿಡುತ್ತಾನೆ. ಆ ನೋಟುಗಳನ್ನು ಕಂಡಾಗ ಅವನಿಗೆ ಅಷ್ಟೂ ಭಾರವೆಂಬುದು ತಿಳಿಯುತ್ತದೆ. ಕೊನೆಗೆ ನಾಯಿ ಸಿಕ್ಕುತ್ತದೆ, ಯಾರದೋ ಮನೆಯ ಬೇಲಿಯೊಳಗೆ, ಹೊಟ್ಟೆತುಂಬ ಉಂಡು. ವೆಂಡಿ ಅದನ್ನು ಅಲ್ಲಿಯೇ ಬಿಟ್ಟು ಅಳುತ್ತ ಸಾಮಾನಿನ ರೈಲನ್ನು ಹತ್ತುತ್ತಾಳೆ.

ಶೋಕವೆಂದರೆ ಇದಲ್ಲವೆ? ಅಗಲಿಕೆಯೆಂದರೆ ಇದಲ್ಲವೆ? ಆದರೆ ಇಲ್ಲಿ ದುಃಖ ಎಲ್ಲಿಂದ ಬಂದಿತೆಂಬುದನ್ನು ಕುರುಡನೂ ಕಾಣಬಲ್ಲನು. ಕೈಯಲ್ಲಿ ಇನ್ನಷ್ಟು ಹಣವಿದ್ದಿದ್ದರೆ ನಾಯಿಯೊಡನೆ ಹೋಗುತ್ತಿದ್ದಳು. ರೈಕಾರ್ಟ್ ಎಲ್ಲಿಯೂ ಭಾಷಣ ಮಾಡಿಸಿಲ್ಲ, ಸೂರ್ಯಾಸ್ತವನ್ನೂ ಹಂಚಿಲ್ಲ. ಲೆಕ್ಕವನ್ನು ಮಾತ್ರ ಪ್ರಾಮಾಣಿಕವಾಗಿ ಇಟ್ಟಿದ್ದಾರೆ. ಫರ್ನಳ ವ್ಯಾನೂ ಒಮ್ಮೆ ಕೆಡುತ್ತದೆ. ದುರಸ್ತಿಗೆ 2,000 ಡಾಲರಿಗೆ ಮೇಲ್ಪಟ್ಟ ಖರ್ಚು. ಆಕೆಯೂ ತಂಗಿಗೆ ಟೆಲಿಫೋನು ಮಾಡುತ್ತಾಳೆ. ಆದರೆ ಈ ತಂಗಿಯಲ್ಲಿ ಹಣವಿದೆ, ಕೊಡುತ್ತಾಳೆ, ದಾರಿ ಮುಂದುವರಿಯುತ್ತದೆ. ಒಂದೇ ಸನ್ನಿವೇಶ, ಎರಡು ಮನೋಧರ್ಮ.

ಅಮೆಜಾನ್ ಉಗ್ರಾಣದ ಸಂಗತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಬ್ರೂಡರರ ಗ್ರಂಥದಲ್ಲಿ ಅರುವತ್ತು ಎಪ್ಪತ್ತು ದಾಟಿದವರು ಕಾಂಕ್ರೀಟಿನ ನೆಲದ ಮೇಲೆ ದಿನಕ್ಕೆ ಹಲವು ಮೈಲಿ ನಡೆಯುತ್ತಾರೆ. ನೋವು ತಡೆಯಲೆಂದು ಗೋಡೆಗೆ ಸಿಕ್ಕಿಸಿದ ಪೆಟ್ಟಿಗೆಗಳಿಂದ ಗುಳಿಗೆಗಳನ್ನು ಪುಕ್ಕಟೆಯಾಗಿ ತೆಗೆದುಕೊಳ್ಳಬಹುದು. ಉದಾರವಾದ ಧರ್ಮಸತ್ರ! ಚಿತ್ರದಲ್ಲಿ ಆ ಗುಳಿಗೆಗಳಿಲ್ಲ. ಉಗ್ರಾಣ ಬೆಳ್ಳಗೆ ಹೊಳೆಯುತ್ತದೆ, ಊಟದ ಮೇಜಿನಲ್ಲಿ ನಗುವಿದೆ, ಸಂಬಳ ಚೆನ್ನಾಗಿದೆಯೆಂದು ಫರ್ನ್ ಪರಿಚಿತರಿಗೆ ಹೇಳುತ್ತಾಳೆ. ಬಡವರು ತಮ್ಮ ಕಷ್ಟವನ್ನು ಪರಿಚಿತರ ಮುಂದೆ ಮರೆಮಾಚುವುದು ಸಹಜವೇ. ಆದರೆ ಚಿತ್ರವೂ ಅವರೊಡನೆ ಸೇರಿ ಮರೆಮಾಚಬೇಕಾಗಿರಲಿಲ್ಲ.

ತಂಗಿಯ ಮನೆಯ ಊಟದ ಪ್ರಸಂಗವನ್ನು ಚಿತ್ರದ ಪರವಾಗಿ ಎತ್ತಿ ಹೇಳುವವರಿದ್ದಾರೆ. ಅಲ್ಲಿ ಮನೆ ಮಾರುವ ವ್ಯಾಪಾರಸ್ಥರು ಬೆಲೆಯ ಏರಿಳಿತವನ್ನು ಕುರಿತು ಮಾತಾಡುತ್ತಿರುವಾಗ, ಜನ್ಮದ ಗಳಿಕೆಯನ್ನೆಲ್ಲ ಸುರಿಸಿ ಸಾಲ ಮಾಡಿಸಿ ತಮ್ಮ ಶಕ್ತಿಗೆ ಮೀರಿದ ಮನೆಗಳನ್ನು ಜನರಿಂದ ಕೊಳ್ಳಿಸುವುದು ಸರಿಯೆ ಎಂದು ಫರ್ನ್ ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ಆದರೆ ಅದರ ಬಿಸಿಯನ್ನು ಆರಿಸುವುದಕ್ಕಾಗಿ ತಂಗಿ, ಈ ವ್ಯಾನುವಾಸಿಗಳು ಹಿಂದಿನ ಕಾಲದಲ್ಲಿ ಪಶ್ಚಿಮ ದಿಕ್ಕಿಗೆ ವಲಸೆ ಹೋದ ಆದಿನಿವೇಶಿಗಳಂತೆ, ದೇಶದ ಪರಂಪರೆಗೆ ಸೇರಿದವರು ಎಂದುಬಿಡುತ್ತಾಳೆ. ಯಾರೂ ಎದುರು ಹೇಳುವುದಿಲ್ಲ. ಆ ನಿವೇಶಿಗಳು ಹೋದದ್ದು ಅಲ್ಲಿಯ ಮೂಲನಿವಾಸಿಗಳಿಂದ ಸರ್ಕಾರ ಕಿತ್ತುಕೊಂಡು ಹಂಚಿದ ಭೂಮಿಯನ್ನು ಪಡೆಯಲೆಂದು; ಇವರಿಗೆ ಒಂದು ರಾತ್ರಿ ವ್ಯಾನನ್ನು ನಿಲ್ಲಿಸಲು ಹತ್ತಡಿ ಜಾಗವಿಲ್ಲ. ಇವರಲ್ಲಿ ಬಹುತೇಕ ಎಲ್ಲರೂ ಬಿಳಿಯರೇ ಏಕೆಂಬುದನ್ನೂ ಬ್ರೂಡರ್ ಕೇಳಿದ್ದಾರೆ: ಕಪ್ಪು ಜನರವನೊಬ್ಬನು ರಾತ್ರಿ ಅಪರಿಚಿತ ಬೀದಿಯಲ್ಲಿ ವಾಹನದೊಳಗೆ ಅಡಗಿ ಮಲಗಿದರೆ ಪೊಲೀಸರಿಂದ ಅವನಿಗೊದಗುವ ಅಪಾಯವೇ ಬೇರೆ. ಮುಕ್ತವಾದ ದಾರಿಯೂ ಎಲ್ಲರಿಗೆ ಮುಕ್ತವಲ್ಲ.

ಚಿತ್ರ ಬಂದ ತರುವಾಯ ನಡೆದುದನ್ನು ನೋಡಿದರೆ ಈ ವಿವಾದ ಕೇವಲ ರಸವಿಮರ್ಶೆಯದಲ್ಲವೆಂಬುದು ಗೊತ್ತಾಗುತ್ತದೆ. 2024ರ ಜನವರಿಯ ಒಂದು ರಾತ್ರಿಯ ಸರ್ಕಾರಿ ಎಣಿಕೆಯಲ್ಲಿ ಅಮೆರಿಕದಲ್ಲಿ ಮನೆಯಿಲ್ಲದವರು 7,71,480 ಮಂದಿ; ಹಿಂದಿನ ವರ್ಷಕ್ಕಿಂತ ನೂರಕ್ಕೆ 18ರಷ್ಟು ಹೆಚ್ಚು. ಅದೇ ವರ್ಷದ ಜೂನ್ 28ರಂದು ಆ ದೇಶದ ಪರಮೋಚ್ಚ ನ್ಯಾಯಾಲಯವು, ಓರೆಗಾನಿನ ಗ್ರಾಂಟ್ಸ್ ಪಾಸ್ ಎಂಬ ಊರಿನ ಮೊಕದ್ದಮೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಹೊದ್ದು ಮಲಗಿದವರಿಗೆ ದಂಡ ವಿಧಿಸುವುದು ಸಂವಿಧಾನವು ನಿಷೇಧಿಸಿರುವ ಕ್ರೂರ ಶಿಕ್ಷೆಯಲ್ಲವೆಂದು ಆರು ಮಂದಿ ನ್ಯಾಯಾಧೀಶರ ಬಹುಮತದಿಂದ ತೀರ್ಪಿತ್ತಿತು, ಮೂವರು ಒಪ್ಪಲಿಲ್ಲ. ಅಲೆದಾಟವು ಆತ್ಮದ ಆಯ್ಕೆಯೆಂದು ಒಪ್ಪಿಕೊಂಡವರಿಗೆ ಇಂಥ ತೀರ್ಪಿನಲ್ಲಿ ಕಷ್ಟವೇನೂ ಕಾಣದು. ಆಯ್ದುಕೊಂಡವರು ದಂಡವನ್ನೂ ತೆರಲಿ!

ಚಿತ್ರದಲ್ಲಿ ಸತ್ಯವಾದ ಭಾಗಗಳಿವೆ. ಅವು ಬಹುಮಟ್ಟಿಗೆ ನಟರಲ್ಲದವರವು. ಮಗ ಆತ್ಮಹತ್ಯೆ ಮಾಡಿಕೊಂಡದ್ದನ್ನು ಬಾಬ್ ವೆಲ್ಸ್ ತಡವರಿಸುತ್ತ ಹೇಳುವ ಎಡೆಯಲ್ಲಿ ಎಂಥವನೂ ಮೌನವಾಗಬೇಕು. ಅದು ಆತನ ಬದುಕಿನಲ್ಲಿ ನಡೆದದ್ದೇ. ಅದಕ್ಕಿಂತ ಹೆಚ್ಚಿನದು ಲಿಂಡಾ ಮೇ ಹೇಳುವ ಮಾತು. ಹನ್ನೆರಡನೆಯ ವಯಸ್ಸಿನಿಂದ ದುಡಿದು, ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ, ವೃದ್ಧಾಪ್ಯದಲ್ಲಿ ಸರ್ಕಾರದಿಂದ ತನಗೆ ಬರುವ ವೇತನವೆಷ್ಟೆಂದು ನೋಡಿದರೆ 550 ಡಾಲರು. ಪ್ರಾಣ ಬಿಡಬೇಕೆಂದುಕೊಂಡಿದ್ದನ್ನೂ, ಬಿಡದೆ ಉಳಿದುದನ್ನೂ ಆಕೆ ಅಲಂಕಾರವಿಲ್ಲದೆ ಹೇಳುತ್ತಾಳೆ. ಫರ್ನ್ ಎದುರಿಗೆ ಕುಳಿತು ಕೇಳುತ್ತಾಳೆ. ಕ್ಯಾಮೆರ ಆಮೇಲೆ ಫರ್ನಳ ಹಿಂದೆಯೇ ಹೋಗುತ್ತದೆ.

ಲಿಂಡಾ ಮೇಯ ಹಿಂದೆ ಹೋಗಿದ್ದರೆ ಬೇರೆ ಚಿತ್ರವಾಗುತ್ತಿತ್ತು. ಆಕೆಗೆ ಬೇಕಾಗಿದ್ದುದು ದಾರಿಯಲ್ಲ. ಹಳೆಯ ಟೈರುಗಳು, ಬಾಟಲಿಗಳು, ಮಣ್ಣು, ಇವುಗಳಿಂದ ತನ್ನ ಕೈಯಾರೆ ಒಂದು ಮನೆಯನ್ನು ಕಟ್ಟಿ, ಮಕ್ಕಳು ಮೊಮ್ಮಕ್ಕಳಿಗೆ ಬಿಟ್ಟುಹೋಗಬೇಕೆಂಬುದು ಆಕೆಯ ಆಸೆ. ಅದರ ನಕ್ಷೆಯನ್ನೂ ಬಿಡದೆ ಇಟ್ಟುಕೊಂಡಿದ್ದಳು. ಬ್ರೂಡರರ ಗ್ರಂಥ ಮುಗಿಯುವ ವೇಳೆಗೆ, ಅರಿಜೋನದ ಡಗ್ಲಸ್ ಎಂಬ ಊರಿನ ಹತ್ತಿರ, ಮೆಕ್ಸಿಕೋ ಗಡಿಯ ಪಕ್ಕದ ಕುರುಚಲು ಬಯಲಿನಲ್ಲಿ, ಆಕೆ ಐದು ಎಕರೆ ಭೂಮಿಯನ್ನು ಕೊಂಡಿದ್ದಾಳೆ.