ಮಣ್ಣಿನ ಮಗಳಿಗೆ ಅಪ್ಪ ಯಾಕೆ ಬೇಕಾದ?

ವಂಡರ್ ವುಮನ್‌ಗೆ ಒಬ್ಬ ಅಪ್ಪನನ್ನು ಹುಡುಕಿಕೊಟ್ಟದ್ದು ಅವಳಿಗೆ ಮಾಡಿದ ಬಹುದೊಡ್ಡ ಅನ್ಯಾಯ ಎಂಬುದು ನನ್ನ ತಕರಾರು. ಹೀಗೆಂದಾಗಲೆಲ್ಲ ಪುಣೆಯ ನನ್ನ ಆಫೀಸಿನ ಗೆಳೆಯರು ನಗುತ್ತಾರೆ. ಹಗ್ಗ ಬೀಸಿ ಕಳ್ಳರನ್ನು ಕಟ್ಟಿಹಾಕುವ ಕಾಮಿಕ್ಸ್ ನಾಯಕಿಯ ಅಪ್ಪ ಯಾರಾದರೇನು ಎನ್ನುತ್ತಾರೆ. ಯಾರಾದರೇನು ಎಂಬ ಪ್ರಶ್ನೆಗೆ ಉತ್ತರವಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಅವಳು ಮೊದಲು ಕಾಣಿಸಿಕೊಂಡದ್ದು 1941ರ ಕೊನೆಯಲ್ಲಿ, ಅಮೆರಿಕದ 'ಆಲ್ ಸ್ಟಾರ್ ಕಾಮಿಕ್ಸ್'ನ ಎಂಟನೇ ಸಂಚಿಕೆಯಲ್ಲಿ. ಬರೆದವನು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಚಿತ್ರ ಬಿಡಿಸಿದವನು ಎಚ್.ಜಿ. ಪೀಟರ್. ಗಂಡಸರಿಲ್ಲದ ಒಂದು ದ್ವೀಪ, ಅಲ್ಲಿ ಅಮೆಜಾನರೆಂಬ ವೀರ ಹೆಂಗಸರು, ಅವರಿಗೆ ಹಿಪ್ಪೊಲಿಟಾ ರಾಣಿ. 1942ರಲ್ಲಿ ಬಂದ 'ವಂಡರ್ ವುಮನ್' ಮೊದಲ ಸಂಚಿಕೆ ಹುಟ್ಟಿನ ಕಥೆಯನ್ನು ಹೇಳಿತು. ಹಿಪ್ಪೊಲಿಟಾ ತನ್ನ ಕೈಯಾರೆ ಮಣ್ಣಿನಲ್ಲಿ ಒಂದು ಮಗುವನ್ನು ಮಾಡುತ್ತಾಳೆ. ಹಾಗೆ ಮಾಡುವುದನ್ನು ಕಲಿಸಿದವಳು ಅಥೀನಾ, ಆ ಮಣ್ಣಿಗೆ ಜೀವ ಕೊಟ್ಟವಳು ಅಫ್ರೊಡೈಟಿ. ಮಗುವಿನ ಹೆಸರು ಡಯಾನಾ. ಈ ಕಥೆಯಲ್ಲಿ ಅಪ್ಪ ಇಲ್ಲ. ಸತ್ತಿಲ್ಲ, ಓಡಿಹೋಗಿಲ್ಲ, ಅವನು ಬೇಕಾಗಿಯೇ ಇರಲಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ಗ್ರೀಕರ ಮೂಲ ಕಥೆಗಳ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲೂ ಮಣ್ಣಿನಿಂದ ಮಾಡಿದ ಹೆಣ್ಣೊಬ್ಬಳಿದ್ದಾಳೆ, ಪಂಡೋರಾ. ಹೆಸಿಯಡ್ ಕವಿ ಹೇಳುವಂತೆ, ಗಂಡಸರನ್ನು ಶಿಕ್ಷಿಸಲೆಂದೇ ಝ್ಯೂಸ್ ಅಪ್ಪಣೆ ಕೊಟ್ಟು ಅವಳನ್ನು ಮಾಡಿಸಿದ. ಹೆಫೆಸ್ಟಸ್ ಮಣ್ಣು ಕಲಸಿದ, ಒಬ್ಬೊಬ್ಬ ದೇವರೂ ಒಂದೊಂದು ಗುಣ ಕೊಟ್ಟ. ಹಾಗೆ ಹುಟ್ಟಿದವಳು ಜಗತ್ತಿಗೆ ಕೇಡು ತಂದಳು. ಇನ್ನೊಬ್ಬ ಪಿಗ್ಮೇಲಿಯನ್. ತನಗೆ ಬೇಕಾದಂಥ ಹೆಣ್ಣನ್ನು ತಾನೇ ಕೆತ್ತಿಕೊಂಡ, ಅಫ್ರೊಡೈಟಿ ಅವನಿಗಾಗಿ ಅದಕ್ಕೆ ಜೀವ ಕೊಟ್ಟಳು. ಹಿಪ್ಪೊಲಿಟಾಳ ಗತಿಯಾದರೂ ಏನು? ಅವಳ ನಡುಪಟ್ಟಿ ತರುವುದು ಹರ್ಕ್ಯುಲಿಸನ ಒಂಬತ್ತನೇ ಸಾಹಸ. ಕೆಲವು ಪಾಠಗಳಲ್ಲಿ ಅವಳು ಅವನ ಕೈಯಲ್ಲೇ ಸಾಯುತ್ತಾಳೆ. ಮಾರ್ಸ್ಟನ್ ಈ ಮೂರನ್ನೂ ಬುಡಮೇಲು ಮಾಡಿದ. ಕೊಲೆಯಾಗಬೇಕಿದ್ದ ರಾಣಿ ಬದುಕಿ ತಾಯಿಯಾದಳು. ಮಣ್ಣಿನ ಹೆಣ್ಣು ಶಿಕ್ಷೆಯಾಗದೆ ವರವಾದಳು. ಶಿಲ್ಪಿ ತನ್ನ ಸುಖಕ್ಕೆ ಹೆಂಡತಿಯನ್ನು ಮಾಡಿಕೊಳ್ಳಲಿಲ್ಲ. ತಾಯಿಯೊಬ್ಬಳು ಮಗಳನ್ನು ಮಾಡಿ ಜಗತ್ತಿಗೆ ಕಳಿಸಿದಳು.

1987ರಲ್ಲಿ ಜಾರ್ಜ್ ಪೆರೆಜ್ ಕಥೆಯನ್ನು ಮೊದಲಿನಿಂದ ಶುರು ಮಾಡಿದಾಗಲೂ ಈ ಮಣ್ಣನ್ನು ಬಿಡಲಿಲ್ಲ. ಗಂಡಸರ ಹಿಂಸೆಗೆ ಬಲಿಯಾದ ಹೆಂಗಸರ ಆತ್ಮಗಳೇ ಅವನ ಅಮೆಜಾನರು. ಡಯಾನಾಗೆ ಶಕ್ತಿ ಕೊಡುವ ದೇವತೆಗಳ ಸಾಲಿನಲ್ಲಿ ಹರ್ಮಿಸ್ ಒಬ್ಬನೇ ಗಂಡು.

2011ರಲ್ಲಿ ಎಲ್ಲ ಕೆಟ್ಟಿತು. ಡಿ.ಸಿ. ಪ್ರಕಾಶನ ತನ್ನ ಕಥೆಗಳನ್ನೆಲ್ಲ ಹೊಸದಾಗಿ ಆರಂಭಿಸಿತು. ಬ್ರಯಾನ್ ಅಝರೆಲೊ ಬರೆದ, ಕ್ಲಿಫ್ ಚಿಯಾಂಗ್ ಚಿತ್ರಿಸಿದ ಹೊಸ ಕಥೆಯಲ್ಲಿ ಡಯಾನಾ ಝ್ಯೂಸ್‌ನ ಮಗಳು. ಮಣ್ಣಿನ ಕಥೆ ಹೀರಾಳ ಸಿಟ್ಟಿಗೆ ಹೆದರಿ ಹಿಪ್ಪೊಲಿಟಾ ಕಟ್ಟಿದ ಸುಳ್ಳು! ಓರಗೆಯ ಹುಡುಗಿಯರು ಡಯಾನಾಳನ್ನು 'ಮಣ್ಣು' ಎಂದೇ ಹಂಗಿಸುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಅಮೆಜಾನರು ಹಡಗುಗಳಿಗೆ ನುಗ್ಗಿ, ನಾವಿಕರನ್ನು ಕೂಡಿ ಕೊಲ್ಲುತ್ತಾರೆ. ಹುಟ್ಟಿದ ಗಂಡುಕೂಸುಗಳನ್ನು ಆಯುಧಗಳಿಗೆ ಬದಲಾಗಿ ಹೆಫೆಸ್ಟಸ್‌ಗೆ ಕೊಟ್ಟುಬಿಡುತ್ತಾರೆ ಎಂದೂ ಸೇರಿಸಿದರು. 2017ರ ಸಿನಿಮಾವನ್ನು ಪ್ಯಾಟಿ ಜೆಂಕಿನ್ಸ್ ಎಂಬ ಹೆಣ್ಣುಮಗಳೇ ನಿರ್ದೇಶಿಸಿದರೂ ಅಲ್ಲಿಯೂ ಝ್ಯೂಸ್‌ನೇ ಅಪ್ಪ. ಈಗ ಕೋಟಿಗಟ್ಟಲೆ ಜನರಿಗೆ ಗೊತ್ತಿರುವುದು ಈ ಕಥೆಯೇ.

ಚಿಯಾಂಗ್ ಚಿತ್ರಗಳು ಸೊಗಸಾಗಿವೆ, ಕಥೆಗೂ ಬಿಗಿ ಇದೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗ್ರೀಕರ ಪುರಾಣದಲ್ಲಿ ಝ್ಯೂಸ್‌ನ ಮಗುವಾಗುವುದು ಏನು ದೊಡ್ಡ ಮಾತು? ಹರ್ಕ್ಯುಲಿಸ್ ಅವನ ಮಗ, ಪರ್ಸಿಯಸ್ ಅವನ ಮಗ, ಹೆಲೆನ್ ಅವನ ಮಗಳು. ಹಂಸವಾಗಿ, ಗೂಳಿಯಾಗಿ, ಚಿನ್ನದ ಮಳೆಯಾಗಿ ಹೋದಲ್ಲೆಲ್ಲ ಮಕ್ಕಳನ್ನು ಹುಟ್ಟಿಸಿ ಬಂದವನು. ಆ ಉದ್ದನೆಯ ಹಾಜರಿ ಪುಸ್ತಕಕ್ಕೆ ಇನ್ನೊಂದು ಹೆಸರು ಸೇರಿಸಿದ್ದಕ್ಕೆ ಹೊಸತನ ಎಂದು ಹೆಸರಿಟ್ಟರು. ಆ ಪುಸ್ತಕದಲ್ಲಿ ಇಲ್ಲದಿರುವುದೇ ಡಯಾನಾಳ ಹೆಚ್ಚುಗಾರಿಕೆಯಾಗಿತ್ತು.

ಪುರಾಣ ಬದಲಾಗುತ್ತಲೇ ಇರುತ್ತದೆ, ಅದಕ್ಕೇಕೆ ಜಗಳ ಎನ್ನುವವರಿದ್ದಾರೆ. ಬದಲಾಗಲಿ. ಆದರೆ ಯಾವ ದಿಕ್ಕಿಗೆ ಎಂದು ಕೇಳುವ ಹಕ್ಕು ಓದುಗನಿಗಿದೆ. ನಮ್ಮ ಗೌರಿ ಒಬ್ಬಳೇ ಮೈಯ ಮಣ್ಣಿನಿಂದ ಮಗನನ್ನು ಮಾಡಿ ಬಾಗಿಲಲ್ಲಿ ನಿಲ್ಲಿಸಿದ ಕಥೆ ನಿಮಗೆಲ್ಲ ಗೊತ್ತು. ಅಪ್ಪ ಬಂದು ತಲೆ ಕಡಿದದ್ದೂ, ಬೇರೆ ತಲೆ ಇಟ್ಟದ್ದೂ ಗೊತ್ತು. ಆದರೂ ನಮ್ಮ ಕಥೆ ಒಂದು ಮರ್ಯಾದೆ ಉಳಿಸಿಕೊಂಡಿದೆ: ಆ ಮಗನನ್ನು ಮಾಡಿದವಳು ಗೌರಿ ಎಂಬುದನ್ನು ಯಾರೂ ಸುಳ್ಳೆಂದು ಹೇಳಲಿಲ್ಲ. ಡಿ.ಸಿ.ಯವರು ತಾಯಿಯ ಮಾತನ್ನೇ ಸುಳ್ಳು ಮಾಡಿದರು.

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಎಂದರೆ, ನನ್ನನ್ನು ಬೆಳೆಸಿದವಳು ಅವ್ವ ಒಬ್ಬಳೇ. ಧಾರವಾಡದಲ್ಲಿ ಹೊಲಿಗೆ ಮಷಿನ್ ತುಳಿದು, ರವಿಕೆ ಹೊಲಿದು ನನ್ನ ಫೀ ಕಟ್ಟಿದಳು. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ಬಂಧುಗಳೊಬ್ಬರು ಅವ್ವನ ಎದುರಿಗೇ, "ಅಪ್ಪನ ತಲಿ ಬಂದದ ನೋಡ್ರಿ" ಅಂದರು. ನನಗೆ ಮೂರು ವರ್ಷವಾದಾಗ ಮನೆ ಬಿಟ್ಟು ಹೋದ ಮನುಷ್ಯನ ತಲೆ! ಅವ್ವ ಏನೂ ಅನ್ನದೆ ಚಹಾ ತಂದಿಟ್ಟಳು. 2011ರ ಕಾಮಿಕ್ಸ್ ಮಾಡಿದ್ದೂ ಇದನ್ನೇ. ಡಯಾನಾಳ ತೋಳಿನಲ್ಲಿ ಅಷ್ಟು ಬಲ ಹೇಗೆ ಬಂತು? ತಾಯಿ ಸಾಕಿದ್ದರಿಂದಲ್ಲ, ಅಕ್ಕಂದಿರು ಕಲಿಸಿದ್ದರಿಂದಲ್ಲ, ಮೇಲೆ ಕುಳಿತ ಅಪ್ಪನ ರಕ್ತದಿಂದ. ಆ ಬಂಧುಗಳಿಗೂ ಈ ಕಥೆಗಾರರಿಗೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ.

ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ತಾಯಿ ಒಬ್ಬಳೇ ಸಾಕಿದವರಿಗೆ ಪ್ಯಾನ್ ಕಾರ್ಡ್ ಅರ್ಜಿಯಲ್ಲಿ ಅಪ್ಪನ ಹೆಸರು ಕಡ್ಡಾಯವಲ್ಲ ಎಂಬ ನಿಯಮ 2018ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಸರ್ಕಾರಿ ಅರ್ಜಿ ಕೂಡ ಆ ಕಾಲಂ ಖಾಲಿ ಬಿಡಲು ಒಪ್ಪಿರುವಾಗ, 1941ರಲ್ಲೇ ಅದನ್ನು ಖಾಲಿ ಬಿಟ್ಟಿದ್ದ ಕಾಮಿಕ್ಸ್ ಓಡಿಹೋಗಿ ತುಂಬಿಸಿಕೊಂಡು ಬಂತು.

ಮಾರ್ಸ್ಟನ್‌ನನ್ನು ನಾನು ಹೊತ್ತು ಮೆರೆಸುತ್ತಿಲ್ಲ. ಅವನ ಕಥೆಗಳ ಕಟ್ಟುವ-ಬಿಚ್ಚುವ ಹುಚ್ಚು ಆಗಲೇ ಹಲವರಿಗೆ ಹಿಡಿಸಿರಲಿಲ್ಲ. ಹೆಂಡತಿ ಎಲಿಜಬೆತ್ ದುಡಿದು ಮನೆ ನಡೆಸಿದಳು. ಅದೇ ಮನೆಯಲ್ಲಿದ್ದ ಸಂಗಾತಿ ಆಲಿವ್ ಬರ್ನ್ ನಾಲ್ಕೂ ಮಕ್ಕಳನ್ನು ಸಾಕಿದಳು. ಆಲಿವ್‌ಳ ಇಬ್ಬರು ಗಂಡುಮಕ್ಕಳಿಗೆ ಅವರ ಅಪ್ಪ ಬೇರೊಬ್ಬ, ಅವನು ಸತ್ತುಹೋದ ಎಂದು ನಂಬಿಸಲಾಗಿತ್ತು. ಸಮಾಜಕ್ಕೆ ಹೆದರಿ ಇಲ್ಲದ ಅಪ್ಪನೊಬ್ಬನನ್ನು ಕಟ್ಟಿಕೊಂಡಿದ್ದ ಮನೆ ಅದು. ಆ ಮನೆಯಿಂದಲೇ ಅಪ್ಪನ ಹಂಗಿಲ್ಲದ ಹುಡುಗಿಯೊಬ್ಬಳ ಕಥೆ ಹೊರಟಿತು. ವಂಡರ್ ವುಮನ್ ತೊಡುವ ಅಗಲ ಕಡಗಗಳು ಆಲಿವ್ ಕೈಯಲ್ಲಿದ್ದವುಗಳದೇ ನೆರಳು. ನಿಜ ಜೀವನದಲ್ಲಿ ಹೇಳಲಾಗದ್ದನ್ನು ಕಾಮಿಕ್ಸ್ ಹೇಳಿತ್ತು. ಆ ಧೈರ್ಯವನ್ನೇ ಎಪ್ಪತ್ತು ವರ್ಷಗಳ ಮೇಲೆ ತಿದ್ದಿದರು.

ಬರೀ ಕಾಮಿಕ್ಸ್ ಎನ್ನಬೇಡಿ. ಕಾರ್ಕಳದ ಅನಂತ ಪೈ ಮುಂಬೈಯಲ್ಲಿ ಕೂತು ರೂಪಿಸಿದ 'ಅಮರ ಚಿತ್ರ ಕಥಾ' ಓದಿ ಬೆಳೆದವರು ನಾವು. ನಮ್ಮಲ್ಲಿ ಎಷ್ಟೋ ಜನರಿಗೆ ರಾಮ, ಅರ್ಜುನರ ಮುಖ ಅಂದರೆ ಇಂದಿಗೂ ಆ ಚಿತ್ರಗಳೇ. ಮಕ್ಕಳ ಕೈಗೆ ಮೊದಲು ಬಂದ ಚಿತ್ರವೇ ಅವರಿಗೆ ಪುರಾಣ. ಹಾಗಾಗಿ ಮನೆಯಲ್ಲಿ ಮಗಳೋ ಮಗನೋ ಇದ್ದರೆ, ಸಿನಿಮಾ ತೋರಿಸುವ ಮೊದಲು 1942ರ ಕಥೆ ಹೇಳಿ, ಪೆರೆಜ್‌ನ ಪುಸ್ತಕ ಕೊಡಿಸಿ. ಡಯಾನಾಳ ಅಪ್ಪ ಯಾರು ಎಂದು ಅವರು ಕೇಳಿದರೆ ಅವಳನ್ನು ಅವಳ ಅವ್ವ ಮಾಡಿದಳು ಎಂದಷ್ಟೇ ಹೇಳಿ. ಮಕ್ಕಳು ಅದನ್ನು ಸುಲಭವಾಗಿ ಒಪ್ಪುತ್ತಾರೆ. ಒಪ್ಪಲು ಕಷ್ಟಪಡುವವರು ದೊಡ್ಡವರು.