ಆಡಿ ತಿಂಗಳಿಗೆ ಯಾಕೆ ಈ ಅಪವಾದ?

ಹೊಸೂರು ಕಡೆಗೆ ಹೆಣ್ಣು ಕೊಟ್ಟವರಿಗೆ, ಸತ್ಯಮಂಗಲದಿಂದ ಸೊಸೆ ತಂದವರಿಗೆ ಈ ಕಷ್ಟ ಗೊತ್ತಿರುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಮದುವೆ ಇಲ್ಲ. ತಮಿಳರಲ್ಲಿ ಆಡಿ ತಿಂಗಳಲ್ಲಿ ಮದುವೆ ಇಲ್ಲ. ಹೆಸರು ಹತ್ತಿರ ಇದೆಯಲ್ಲ, ಎರಡೂ ಒಂದೇ ಇರಬೇಕು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. 2025ರಲ್ಲಿ ಆಷಾಢ ಶುರುವಾದದ್ದು ಜೂನ್ 26ಕ್ಕೆ, ಮುಗಿದದ್ದು ಜುಲೈ 24ಕ್ಕೆ. ಆಡಿ ಶುರುವಾದದ್ದು ಜುಲೈ 17ಕ್ಕೆ, ಮುಗಿದದ್ದು ಆಗಸ್ಟ್ 16ಕ್ಕೆ. ಎರಡೂ ಮನೆಯವರ ಶಾಸ್ತ್ರ ನಡೆಸಬೇಕೆಂದರೆ ಒಟ್ಟು 52 ದಿನ ಛತ್ರದ ಕಡೆ ತಲೆ ಹಾಕುವ ಹಾಗಿಲ್ಲ.

ಹೀಗೇಕೆ ಅಂದರೆ, ನಮ್ಮ ತಿಂಗಳು ಚಂದ್ರನದ್ದು, ಅವರ ತಿಂಗಳು ಸೂರ್ಯನದ್ದು. ನಮಗೆ ಅಮಾವಾಸ್ಯೆ ಮುಗಿದರೆ ಹೊಸ ತಿಂಗಳು. ತಮಿಳರಿಗೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋದರೆ ಹೊಸ ತಿಂಗಳು. ಸೂರ್ಯ ಕರ್ಕಾಟಕಕ್ಕೆ ಬಂದ ದಿನ ಆಡಿ ಒಂದನೇ ತಾರೀಖು. ಹಾಗಾಗಿ ಅದು ಪ್ರತಿ ವರ್ಷ ಜುಲೈ 16 ಅಥವಾ 17ಕ್ಕೇ ಬರುತ್ತದೆ, ನಮ್ಮ ಹಬ್ಬಗಳ ಹಾಗೆ ಹಿಂದೆ ಮುಂದೆ ಓಡಾಡುವುದಿಲ್ಲ. ಅವರಿಗೆ ಅಧಿಕ ಮಾಸವೂ ಇಲ್ಲ. ಇನ್ನು ತಿಂಗಳ ಒಳಗಿನ ದೊಡ್ಡ ಹಬ್ಬಗಳನ್ನು ಬಹಳ ಕಡೆ ನಕ್ಷತ್ರ ನೋಡಿ ಹಿಡಿಯುತ್ತಾರೆ. ತೈ ತಿಂಗಳ ಪುಷ್ಯ ನಕ್ಷತ್ರ ತೈಪೂಸಂ, ಪಂಗುನಿಯ ಉತ್ತರಾ ನಕ್ಷತ್ರ ಪಂಗುನಿ ಉತ್ತಿರಂ, ಕಾರ್ತಿಗೈ ತಿಂಗಳ ಕೃತ್ತಿಕೆ ತಿರುವಣ್ಣಾಮಲೈ ದೀಪ.

ಇದೇನೋ ಪರದೇಶದ ಲೆಕ್ಕ ಅನ್ನಬೇಡಿ. ನಮ್ಮ ರೈತರಿಗೂ ಇದು ಚೆನ್ನಾಗಿ ಗೊತ್ತು. ಹಬ್ಬಕ್ಕೆ ಚಂದ್ರನನ್ನು ನೋಡುವ ನಾವು ಮಳೆಗೆ ಸೂರ್ಯನನ್ನೇ ನೋಡುತ್ತೇವೆ. ಪುನರ್ವಸು ಮಳೆ, ಪುಷ್ಯ ಮಳೆ, ಆಶ್ಲೇಷ ಮಳೆ ಎಂದು ಅಜ್ಜಂದಿರು ಎಣಿಸುವುದು ಸೂರ್ಯ ಆಯಾ ನಕ್ಷತ್ರದಲ್ಲಿರುವ ದಿನಗಳನ್ನು. ಪುನರ್ವಸುವಿನ ಕೊನೇ ಪಾದ, ಇಡೀ ಪುಷ್ಯ, ಇಡೀ ಆಶ್ಲೇಷ ಸೇರಿದರೆ ಕರ್ಕಾಟಕ ರಾಶಿ. ಅಂದರೆ ಈ ಎರಡೂಕಾಲು ಮಳೆಯ ಕಾಲವೇ ತಮಿಳರ ಆಡಿ.

ಹಾಗಿದ್ದ ಮೇಲೆ ಇದು ಅಶುಭ ತಿಂಗಳು ಹೇಗಾಯಿತು? ನನಗೆ ಒಪ್ಪದ ಮಾತು ಇದೇ. ಅಶುಭ ಎನ್ನುವ ತಿಂಗಳಲ್ಲಿ ಇಷ್ಟೊಂದು ಹಬ್ಬ, ಇಷ್ಟೊಂದು ವ್ರತ ಇರುವುದಿಲ್ಲ.

ಒಂದನೇ ತಾರೀಖಿನಿಂದಲೇ ನೋಡಿ. ಸೇಲಂ, ನಾಮಕ್ಕಲ್, ಈರೋಡು ಕಡೆ ಅವತ್ತು ತೆಂಗಿನಕಾಯಿ ಸುಡುತ್ತಾರೆ. ಕಾಯಿಯ ಕಣ್ಣು ತೂತು ಮಾಡಿ ಒಳಗೆ ಬೆಲ್ಲ, ಹೆಸರುಬೇಳೆ, ಎಳ್ಳು ತುಂಬಿ, ಕೋಲಿಗೆ ಸಿಕ್ಕಿಸಿ ಬೆಂಕಿಯಲ್ಲಿ ಹಿಡಿಯುತ್ತಾರೆ. ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಆಮೇಲೆ ಮಂಗಳವಾರ, ಶುಕ್ರವಾರ ಬಂತೆಂದರೆ ಅಮ್ಮನ ಗುಡಿಗಳಲ್ಲಿ ಜಾಗ ಇರುವುದಿಲ್ಲ. ಹೆಂಗಸರು ಒಪ್ಪೊತ್ತು ಇರುತ್ತಾರೆ, ಬೇವಿನ ಸೊಪ್ಪು ಕಟ್ಟುತ್ತಾರೆ. ಕೃತ್ತಿಕೆ ದಿನ ತಿರುತ್ತಣಿ ಮುರುಗನಿಗೆ ಉಪವಾಸ ಇದ್ದು ಹೂವಿನ ಕಾವಡಿ ಹೊತ್ತು ಬೆಟ್ಟ ಹತ್ತುತ್ತಾರೆ. ಕೆಲವು ಊರಲ್ಲಿ ಕಂಕಣ ಕಟ್ಟಿಕೊಂಡು ವ್ರತ ಹಿಡಿದು ಕೊಂಡ ಹಾಯುತ್ತಾರೆ. ನಮ್ಮ ಮಾರಮ್ಮನ ಜಾತ್ರೆ ನೋಡಿದವರಿಗೆ ಇದ್ಯಾವುದೂ ಹೊಸದಲ್ಲ.

ಈ ವ್ರತಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಕೂಳು ಹುಯ್ಯುವುದು. ಹೌದು, ನಮ್ಮ ಕೂಳು ಪದವೇ. ಅವರು ಕೂಳ್ ಅನ್ನುತ್ತಾರೆ. ರಾಗಿಯದೋ ಸಜ್ಜೆಯದೋ ಅಂಬಲಿಯನ್ನು ದೊಡ್ಡ ದೊಡ್ಡ ಹಂಡೆಗಳಲ್ಲಿ ಕಾಯಿಸಿ ಮಾರಿಯಮ್ಮನಿಗೆ ಎಡೆ ಇಟ್ಟು, ಆಮೇಲೆ ಬಂದವರಿಗೆಲ್ಲ ಚೊಂಬಿಗೆ, ಪಾತ್ರೆಗೆ ಹುಯ್ಯುತ್ತಾರೆ. ಜೊತೆಗೆ ನುಗ್ಗೆಸೊಪ್ಪಿನ ಪಲ್ಯ, ಎಷ್ಟೋ ಕಡೆ ಒಣಮೀನಿನ ಸಾರೂ ಉಂಟು. ಹೊಲಕ್ಕೆ ಬೀಜ ಬಿದ್ದಿದೆ, ಹೊಸ ಫಸಲು ಬರಲು ಇನ್ನೂ ತಿಂಗಳುಗಳಿವೆ, ಕಣಜದ ತಳ ಕಾಣುತ್ತಿದೆ. ಆ ಹೊತ್ತಿನಲ್ಲಿ ಇದ್ದವರ ಮನೆಯ ರಾಗಿ ಬೀದಿಗೆ ಬರುವಂತೆ ಮಾಡಿದ ಹಬ್ಬ ಇದು. ಆ್ಯಪ್‌ಗಳಲ್ಲಿ ಬರುವ ವ್ರತದ ಪಟ್ಟಿಯಲ್ಲಿ ಮಾತ್ರ ಕೂಳಿಗೆ ಒಂದು ಸಾಲೂ ಸಿಗುವುದಿಲ್ಲ. ಯಾವ ವಾರ ಏನು ತಿನ್ನಬಾರದು, ತಿಂದರೆ ಏನು ದೋಷ ಎನ್ನುವುದೇ ಅಲ್ಲಿ ಉದ್ದಕ್ಕೂ.

ಕನ್ಯಾಕುಮಾರಿ ಜಿಲ್ಲೆಯ ಕಡೆ ಇನ್ನೊಂದಿದೆ, ಅವ್ವೈ ನೋನ್ಬು. ಆಡಿಯ ಮಂಗಳವಾರ ಹೆಂಗಸರು ಮಾತ್ರ ಸೇರಿ ಮಾಡುವ ವ್ರತ. ಉಪ್ಪಿಲ್ಲದ ಅಕ್ಕಿಹಿಟ್ಟಿನ ಕಡುಬು ಮಾಡಿ, ಪೂಜೆ ಮುಗಿಸಿ ಅವರೇ ತಿಂದು ಮುಗಿಸುತ್ತಾರೆ. ಗಂಡಸರು ನೋಡುವ ಹಾಗಿಲ್ಲ, ಗಂಡು ಮಕ್ಕಳೂ ಇಲ್ಲ. ಗಂಡನಿಗಾಗಿ, ಮಗನಿಗಾಗಿ ಹೊಟ್ಟೆ ಕಟ್ಟುವ ವ್ರತಗಳ ಮಧ್ಯೆ ಹೀಗೂ ಒಂದು ಇದೆ ಎಂದು ನಮ್ಮ ಅಕ್ಕಂದಿರಿಗೆ ತಿಳಿದಿರಲಿ.

ಇನ್ನು ಆಡಿ ಹದಿನೆಂಟು. ಆಡಿ ಪೆರುಕ್ಕು ಎನ್ನುವುದು ಇದಕ್ಕೇ. ಆಗಸ್ಟ್ 2 ಅಥವಾ 3ಕ್ಕೆ ಬರುತ್ತದೆ, ಪುಷ್ಯ ಮಳೆ ಹೋಗಿ ಆಶ್ಲೇಷ ಮಳೆ ಹುಟ್ಟುವ ಹೊತ್ತು. ಕೊಡಗಿನಲ್ಲಿ, ವಯನಾಡಿನಲ್ಲಿ ಸುರಿದದ್ದು ಕಬಿನಿಯನ್ನೂ ಕನ್ನಂಬಾಡಿಯನ್ನೂ ತುಂಬಿ, ಹೊಗೇನಕಲ್ ದಾಟಿ ಕೆಳಗೆ ಹೋಗುವ ಕಾಲ. ಪೆರುಕ್ಕು ಅಂದರೆ ಏರುವುದು, ಹೆಚ್ಚುವುದು. ಭವಾನಿಯ ಕೂಡಲಿಂದ ತಿರುಚ್ಚಿಯ ಅಮ್ಮಾ ಮಂಟಪದವರೆಗೆ ನದಿ ದಡದಲ್ಲಿ ಹೆಂಗಸರು ಸೇರಿ ಕಾವೇರಿಗೆ ಓಲೆ, ಕರಿಮಣಿ ಕೊಡುತ್ತಾರೆ, ತಾಳಿಯ ಅರಿಶಿನ ದಾರ ಬದಲಿಸುತ್ತಾರೆ, ಹುಣಸೆ ಅನ್ನ, ನಿಂಬೆ ಅನ್ನ, ಮೊಸರನ್ನ ಕಟ್ಟಿಕೊಂಡು ಬಂದು ಅಲ್ಲೇ ಉಣ್ಣುತ್ತಾರೆ. ಮನೆಯಲ್ಲಿ ಬೆಳೆಸಿದ ನವಧಾನ್ಯದ ಮೊಳಕೆಯನ್ನು ನೀರಿಗೆ ಬಿಡುವುದೂ ಇದೆ. ಆಡಿಯ ಹದ ಹುಡುಕಿ ಬಿತ್ತು ಎಂದು ತಮಿಳಿನಲ್ಲಿ ಗಾದೆಯೇ ಇರುವಾಗ, ಆ ಮೊಳಕೆ ಬರೀ ಪೂಜೆಯ ಸಾಮಾನು ಎಂದು ನನಗೆ ಅನ್ನಿಸುವುದಿಲ್ಲ. ಈ ವರ್ಷದ ಬೀಜ ಹೇಗಿದೆ ಎಂದು ಊರೇ ನೋಡಿಬಿಡುತ್ತದೆ.

1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಹಬ್ಬಕ್ಕೆ ನೀರು ಬರುವುದು ಮಳೆಯ ಜೊತೆಗೆ ಗೇಟಿನ ಕೈಯಲ್ಲೂ ಇದೆ. ಬರದ ವರ್ಷಗಳಲ್ಲಿ ಈ ಹಬ್ಬಕ್ಕೆಂದೇ ಕೆಲವು ದಿನದ ಮಟ್ಟಿಗೆ ನೀರು ಬಿಟ್ಟದ್ದುಂಟು. ಅದೂ ಇಲ್ಲದಾಗ ದಡದಲ್ಲಿ ಬೋರ್‌ವೆಲ್ ನೀರಿನ ಷವರ್ ಕೆಳಗೆ ನಿಂತು ಜನ ಕಾವೇರಿ ಸ್ನಾನ ಮುಗಿಸಿದ್ದಾರೆ. ಮಂಡ್ಯದಲ್ಲಿ ನಾಲೆಗೆ ನೀರಿಲ್ಲದೆ ಕೂತವರಿಗೆ ಆ ಹೊಟ್ಟೆಯ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಈಗ ಅಶುಭದ ಮಾತಿಗೆ ಬರೋಣ. ಹಳಬರು ಹೇಳುವ ಕಾರಣ ಎರಡು. ಒಂದು, ಬಿತ್ತನೆ ಕಾಲದಲ್ಲಿ ಮದುವೆ ಇಟ್ಟುಕೊಂಡರೆ ಹೊಲದ ಕೆಲಸ ಕೆಡುತ್ತದೆ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಎರಡು, ಆಡಿಯಲ್ಲಿ ಬಸಿರಾದರೆ ಚಿತ್ತಿರೈ ತಿಂಗಳ ಸುಡುಬಿಸಿಲಲ್ಲಿ ಹೆರಿಗೆ, ಬಾಣಂತಿಗೂ ಕೂಸಿಗೂ ಕಷ್ಟ. ಅದಕ್ಕೇ ಹೊಸ ಸೊಸೆಯನ್ನು ತವರಿಗೆ ಕಳಿಸುವುದು. ಎರಡೂ ಆ ಕಾಲಕ್ಕೆ ತೂಕದ ಮಾತುಗಳೇ. ಆದರೆ ಗಮನಿಸಿ, ಎರಡರಲ್ಲೂ ಗ್ರಹದ ಕಾಟವಿಲ್ಲ. ಕೆಲಸ ಇದೆ, ದುಡ್ಡಿಲ್ಲ, ಬಿಸಿಲಿದೆ ಎಂದಿದ್ದದ್ದು ಕೆಟ್ಟ ತಿಂಗಳು ಎಂದಾಯಿತು. ಕೆಟ್ಟ ತಿಂಗಳು ಎಂದ ಮೇಲೆ ಅದರ ಹೆಸರಲ್ಲಿ ಹೆದರಿಸುವುದು ಸುಲಭ.

ಹೆದರುವುದು ಯಾರು? ಹುಡುಗಿಯ ಮನೆಯವರು. ಮೊದಲ ಆಡಿಗೆ ಮಗಳನ್ನೂ ಅಳಿಯನನ್ನೂ ಕರೆಸಿ ಬಟ್ಟೆ, ಪಾತ್ರೆ, ಚಿನ್ನ ಕೊಡುವ ಆಡಿ ಸೀರ್ ಇದೆ. ಮದುವೆ ಸಾಲವೇ ತೀರದ ಮನೆಗೆ ಅದು ಇನ್ನೊಂದು ಸಾಲ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ತಿಂಗಳು ಪೂರ್ತಿ ತವರಲ್ಲಿ ಕೂತರೆ ಸಂಬಳ ಯಾರು ಕೊಡುತ್ತಾರೆ? ಹೆರಿಗೆ ಆಸ್ಪತ್ರೆಯಲ್ಲಿ ಆಗುವ ಕಾಲದಲ್ಲಿ ಚಿತ್ತಿರೈ ಬಿಸಿಲಿನ ಮಾತು ಎಷ್ಟು ಉಳಿದಿದೆ? ಅಂಗಡಿಯವರಂತೂ ಆಡಿಯ ಭಯವನ್ನೇ ಬಂಡವಾಳ ಮಾಡಿಕೊಂಡರು. ಮದುವೆ ವ್ಯಾಪಾರ ಇಲ್ಲದ ತಿಂಗಳಿಗೆ ಆಡಿ ತಳ್ಳುಬಡಿ, ನಮ್ಮ ಭಾಷೆಯಲ್ಲಿ ಆಷಾಢ ಸೇಲ್. ಅಶುಭ ತಿಂಗಳಲ್ಲಿ ಸೀರೆ ಕೊಳ್ಳಲು ಮಾತ್ರ ಯಾವ ದೋಷವೂ ಇಲ್ಲ!

ಅದೇ ತಿಂಗಳಲ್ಲಿ ಆಡಿ ಪೂರಂ ಬರುತ್ತದೆ, ಪುಬ್ಬಾ ನಕ್ಷತ್ರದ ದಿನ. ಆಂಡಾಳ್ ಹುಟ್ಟಿದ ದಿನವೆಂದು ಶ್ರೀವಿಲ್ಲಿಪುತ್ತೂರಿನಲ್ಲಿ ತೇರು. ಅಮ್ಮನ ಗುಡಿಗಳಲ್ಲಿ ಅವತ್ತು ದೇವಿಗೆ ಗಾಜಿನ ಬಳೆಗಳ ರಾಶಿ ಹಾಕಿ, ಬಸುರಿಗೆ ಮಾಡುವಂತೆ ಸೀಮಂತ ಮಾಡುತ್ತಾರೆ. ಬಳೆಗಳನ್ನು ಆಮೇಲೆ ಹೆಂಗಸರಿಗೆ ಹಂಚುತ್ತಾರೆ. ದೇವಿ ಬಸುರಿಯಾಗಿ ಬಳೆ ತೊಡುವ ತಿಂಗಳಲ್ಲಿ ಮನೆಯ ಸೊಸೆ ಗಂಡನ ಜೊತೆ ಇರುವುದು ಮಾತ್ರ ತಪ್ಪು ಎನ್ನುವುದನ್ನು ನನಗಂತೂ ಯಾರೂ ಒಪ್ಪಿಸಿಲ್ಲ.

ಕೂಳಿರಲಿ, ಉಪವಾಸ ಇರಬೇಕೆನ್ನುವವರು ಇರಲಿ, ಹದಿನೆಂಟಕ್ಕೆ ಹೊಳೆದಂಡೆಯ ಊಟ ಇರಲಿ. ಸಕ್ಕರೆ ಕಾಯಿಲೆ ಇರುವ ಅತ್ತೆಗೆ, ಬಸುರಿ ಸೊಸೆಗೆ ಉಪವಾಸ ಬೇಡ ಎಂದು ಮನೆಯವರೇ ಮುಂದೆ ಬಂದು ಹೇಳಲಿ. ಸೀರ್ ಕೇಳುವುದನ್ನು ಗಂಡಿನ ಕಡೆಯವರೇ ಮೊದಲು ಬಿಡಬೇಕು, ಯಾಕೆಂದರೆ ಹೆಣ್ಣಿನ ಕಡೆಯವರು ಕೊಡುವುದಿಲ್ಲ ಎನ್ನಲಾರರು.

2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಇರುವುದರಿಂದ ಆಷಾಢ ಮುಂದೆ ಸರಿದು ಹೆಚ್ಚುಕಡಿಮೆ ಆಡಿಯ ಜೊತೆಗೇ ಬೀಳುತ್ತದೆ. ಮಿಕ್ಕ ವರ್ಷಗಳಲ್ಲಿ ಎರಡು ಕ್ಯಾಲೆಂಡರಿನ ಮನೆಗಳು ಸಂಬಂಧ ಕುದುರಿಸುವಾಗ, ಜಾತಕದ ಜೊತೆಗೆ ಈ ಮಾತನ್ನೂ ಅವತ್ತೇ ಚಾಪೆಯ ಮೇಲೆ ಕೂತು ಮುಗಿಸಿಕೊಳ್ಳುವುದು ಒಳ್ಳೆಯದು. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಯಾರದೋ ಮಾವನಿಗೆ ಆಡಿ ನೆನಪಾದರೆ, ಆ ದುಡ್ಡು ವಾಪಸು ಬರುವುದಿಲ್ಲ.